ನಡುವೆ ಒಂದು ತುಂಡು ಮರ

ಗಿಟಾರ್ ಮನೆಗೆ ಬಂದ ದಿನ ಅಮ್ಮ ಅದನ್ನು ತಟ್ಟಿ ನೋಡಿದರು. ಹಲಸಿನಹಣ್ಣು ಬಲಿತಿದೆಯಾ ಅಂತ ತಟ್ಟುತ್ತಾರಲ್ಲ, ಹಾಗೆ, ಬೆರಳ ಗಿಣ್ಣಿನಿಂದ. ಮಗುಚಿ ಮಲಗಿಸಿ ಮೊದಲು ಬೆನ್ನಿನ ಅಂಚಿನಲ್ಲಿ ತಟ್ಟಿದರು. ಡುಬ್ ಅಂತು. ಆಮೇಲೆ ಸರಿಯಾಗಿ ನಡುವೆ ತಟ್ಟಿದರು. ಟಕ್ ಅಂತು. "ಇದೇನೋ ಇದು, ಪಕ್ಕದಲ್ಲೆಲ್ಲ ಟೊಳ್ಳು, ನಡುವೆ ಮಾತ್ರ ಗಟ್ಟಿ?" ಅಂದರು.

ಅಮ್ಮ ವೀಣೆ ನುಡಿಸುವವರು. ಎಲೆಕ್ಟ್ರಿಕ್ ಗಿಟಾರನ್ನು ಅವರು ಮುಟ್ಟಿದ್ದೇ ಅವತ್ತು. ಆದರೆ ವೀಣೆಯ ಕೊಡವನ್ನು ಯಾಕೆ ಟೊಳ್ಳು ಮಾಡುತ್ತಾರೆ, ಹಲಸಿನ ಮರವನ್ನು ಎಷ್ಟು ತೆಳುವಾಗಿ ಕೆತ್ತಿದರೆ ನಾದ ಹೇಗೆ ಬದಲಾಗುತ್ತದೆ ಅನ್ನುವುದು ಅವರ ಕೈಗೆ ಗೊತ್ತಿದೆ. ನಾನು ಎರಡು ವರ್ಷ ತೆಗೆದುಕೊಂಡು ಕಲಿತದ್ದನ್ನು ಅವರು ಎರಡು ಸಲ ತಟ್ಟಿ ಕಂಡುಹಿಡಿದರು.

ಈ ಗಿಟಾರನ್ನು ಸೆಮಿ-ಹಾಲೋ ಅಂತಾರೆ. ಅರ್ಧ ಟೊಳ್ಳು. ಹೊರಗಿನಿಂದ ನೋಡಿದರೆ ದುಂಡಗಿನ ಅಗಲ ಮೈ, ಪಿಟೀಲಿನಲ್ಲಿ ಇರುವ ಹಾಗೆ ಎರಡು ಎಫ್ ಆಕಾರದ ತೂತುಗಳು. ಒಳಗೆ ನೆಕ್, ಅಂದರೆ ಗಿಟಾರಿನ ಉದ್ದನೆಯ ಕತ್ತು, ಸೇರುವ ಜಾಗದಿಂದ ಹಿಡಿದು ಹಿಂದಿನ ತುದಿಯವರೆಗೆ ಒಂದು ಗಟ್ಟಿ ಮರದ ತುಂಡು ಉದ್ದಕ್ಕೂ ಇರುತ್ತದೆ. ಸೆಂಟರ್ ಬ್ಲಾಕ್ ಅಂದರೆ ಅದೇ. ತಂತಿಯ ಅಲುಗಾಟವನ್ನು ಹಿಡಿಯುವ ಪಿಕಪ್‌ಗಳು, ತಂತಿಗಳನ್ನು ಎತ್ತಿ ಹಿಡಿಯುವ ಬ್ರಿಡ್ಜ್, ತಂತಿ ಕಟ್ಟುವ ಟೇಲ್‌ಪೀಸ್ ಎಲ್ಲ ಕೂತಿರುವುದು ಅದರ ಮೇಲೆ. ಆ ತುಂಡಿನ ಎಡಕ್ಕೆ ಒಂದು, ಬಲಕ್ಕೆ ಒಂದು ಖಾಲಿ ಕೋಣೆ. ಅಷ್ಟೇ. ಆದರೆ ಆ ಒಂದು ತುಂಡು ಮರ ಗೊತ್ತಿಲ್ಲದೆ ನಾನು ಮೊದಲು ಬೇರೆಯದೇ ಗಿಟಾರ್ ಕೊಂಡಿದ್ದೆ. ಸೆಮಿ-ಹಾಲೋ ತಗೋಬೇಕು ಅಂತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಬಣ್ಣ, ಬ್ರ್ಯಾಂಡ್, ಬೆಲೆ ಎಲ್ಲದಕ್ಕಿಂತ ಮೊದಲು ಆ ಮರದ ತುಂಡಿನ ಬಗ್ಗೆ ಯೋಚಿಸಿ ಅಂತ ಹೇಳಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಗೊಂದಲ ಹೆಸರಿನಿಂದಲೇ ಶುರುವಾಗುತ್ತದೆ. ನಮ್ಮ ಕಡೆ ಅಂಗಡಿಗೆ ಹೋಗಿ 'ಸೆಮಿ' ಅಂತ ಬಾಯಿ ತೆರೆದರೆ ಸಾಕು, ಸೆಮಿ-ಅಕೌಸ್ಟಿಕ್ ತಂದು ಕೈಗೆ ಕೊಡುತ್ತಾರೆ. ಅಂದರೆ ಮಾಮೂಲಿ ಅಕೌಸ್ಟಿಕ್ ಗಿಟಾರಿಗೆ ಒಳಗೆ ಪಿಕಪ್ ಕೂರಿಸಿ, ಪಕ್ಕದಲ್ಲಿ ನಾಲ್ಕು ಗುಂಡಿ ಇಟ್ಟು, ಕೇಬಲ್ ಸಿಕ್ಕಿಸಲು ಜಾಗ ಮಾಡಿರುವುದು. ಅದು ಬೇರೆಯೇ ಜಾತಿ. ಇಂಗ್ಲೆಂಡಿನವರು ಸೆಮಿ-ಅಕೌಸ್ಟಿಕ್ ಅಂದರೆ ಇನ್ನೊಂದು ಅರ್ಥ, ಅಲ್ಲಿ ಅದು ಟೊಳ್ಳು ಮೈಯ ಎಲೆಕ್ಟ್ರಿಕ್ ಗಿಟಾರೇ. ನಾನು ಹೋದ ಅಂಗಡಿಯಲ್ಲಿ ಇದನ್ನೆಲ್ಲ ದಾಟಿ, ಫೋಟೋ ತೋರಿಸಿ, ಕೊನೆಗೆ ಎಫ್-ತೂತು ಇರುವ ಎರಡು ಗಿಟಾರ್‌ಗಳನ್ನು ಕೆಳಗಿಳಿಸಿದರು. ನೋಡಲು ಅಣ್ಣತಮ್ಮಂದಿರ ಹಾಗಿದ್ದವು. ಒಂದರ ಬೆಲೆ ಸ್ವಲ್ಪ ಕಮ್ಮಿ. ವ್ಯತ್ಯಾಸ ಏನು ಅಂತ ಕೇಳಿದೆ. "ಎರಡೂ ಒಂದೇ ಸರ್, ಪಿಕಪ್ ಮಾತ್ರ ಬೇರೆ" ಅಂದರು. ಕಮ್ಮಿ ಬೆಲೆಯದ್ದನ್ನು ಕೊಂಡೆ. ಹಗುರವಾಗಿತ್ತು, ಪ್ಲಗ್ ಮಾಡದೆಯೇ ಜೋರಾಗಿ ಕೇಳಿಸುತ್ತಿತ್ತು. ತುಂಬಾ ಇಷ್ಟವಾಗಿತ್ತು.

ಮೂರು ವಾರ ಮನೆಯಲ್ಲಿ ಸುಖವಾಗಿತ್ತು. ನಾಲ್ಕನೇ ವಾರ ಗೆಳೆಯರ ಜೊತೆ ಜಾಮ್ ರೂಮಿಗೆ ಹೋದೆವು. ಡ್ರಮ್ಸ್ ಶುರುವಾಯಿತು, ನಾನು ಆಂಪ್ (ಗಿಟಾರಿನ ಸದ್ದು ದೊಡ್ಡದು ಮಾಡುವ ಪೆಟ್ಟಿಗೆ) ಜಾಸ್ತಿ ಮಾಡಿದೆ, ಆರನೇ ತಂತಿಯ ಮೇಲೆ ಒಂದು ಸ್ವರ ಹಿಡಿದೆ. ಆ ಸ್ವರ ನಿಲ್ಲಲೇ ಇಲ್ಲ. ಊದಿಕೊಳ್ಳುತ್ತಾ ಹೋಯಿತು. ಕೈಯಿಂದ ತಂತಿಗಳನ್ನೆಲ್ಲ ಅದುಮಿ ಹಿಡಿದರೂ ಗಿಟಾರಿನ ಮೈ ಹೊಟ್ಟೆಗೆ ತಾಗಿ ಗುಂಯ್‌ಗುಡುತ್ತಿತ್ತು. ಆಂಪಿನಿಂದ ದೂರ ಹೋಗಿ ನಿಂತೆ, ಸ್ವಲ್ಪ ಕಮ್ಮಿಯಾಯಿತು. ತಿರುಗಿದ ಕೂಡಲೇ ಮತ್ತೆ ಬಂತು. ಆ ದಿನ ಪೂರ್ತಿ ಅದೇ ಕಥೆ. ಡ್ರಮ್ಮರ್ ಮೆಲ್ಲಗೆ ಬಾರಿಸಿದ, ಎಲ್ಲರೂ ನನಗೋಸ್ಕರ ತಗ್ಗಿಸಿಕೊಂಡರು. ಅದು ಇನ್ನೂ ಜಾಸ್ತಿ ಬೇಜಾರಾಯಿತು.

ಇದು ಏನು ಅಂತ ನಮಗೆಲ್ಲ ಚಿಕ್ಕಂದಿನಿಂದ ಗೊತ್ತು. ಶಾಲೆಯ ವಾರ್ಷಿಕೋತ್ಸವದಲ್ಲಿ, ಗಣಪತಿ ಪೆಂಡಾಲಿನಲ್ಲಿ, ಮೈಕ್ ಹಿಡಿದವರು ಬಾಕ್ಸಿನ ಮುಂದೆ ಬಂದ ಕೂಡಲೇ ಕುಂಯ್ ಅನ್ನುತ್ತದಲ್ಲ, ಅದೇ. ಬಾಕ್ಸಿನಿಂದ ಹೊರಟ ಸದ್ದು ಮೈಕಿಗೆ ಹೋಗುತ್ತದೆ, ಮೈಕಿನಿಂದ ಮತ್ತೆ ಬಾಕ್ಸಿಗೆ ಹೋಗುತ್ತದೆ, ಪ್ರತಿ ಸುತ್ತಿಗೂ ದೊಡ್ಡದಾಗುತ್ತದೆ. ಗಿಟಾರಿನಲ್ಲಿ ಮೈಕಿನ ಜಾಗದಲ್ಲಿ ತಂತಿ ಮತ್ತು ಪಿಕಪ್ ಇವೆ. ಆಂಪಿನ ಸದ್ದು ಗಾಳಿಯಲ್ಲಿ ಬಂದು ಗಿಟಾರಿನ ತೆಳು ಮುಂಭಾಗವನ್ನು ಅಲುಗಿಸುತ್ತದೆ. ಅದರ ಮೇಲೆ ಕೂತ ಬ್ರಿಡ್ಜ್ ಅಲುಗುತ್ತದೆ, ಬ್ರಿಡ್ಜ್ ಮೇಲಿನ ತಂತಿ ಅಲುಗುತ್ತದೆ, ಪಿಕಪ್ ಅದನ್ನು ಹಿಡಿದು ಮತ್ತೆ ಆಂಪಿಗೆ ಕೊಡುತ್ತದೆ. ಪ್ರತಿ ಟೊಳ್ಳು ಪೆಟ್ಟಿಗೆಗೂ ಅದರದ್ದೇ ಆದ ಒಂದೆರಡು ಇಷ್ಟದ ಸ್ವರಗಳಿರುತ್ತವೆ. ಖಾಲಿ ಕೊಡದ ಬಾಯಿಗೆ ಊದಿದರೆ ಒಂದೇ ಸ್ವರ ಬರುವ ಹಾಗೆ. ಆ ಸ್ವರ ನುಡಿಸಿದಾಗ ಸುತ್ತು ಬೇಗ ಹತ್ತಿಕೊಳ್ಳುತ್ತದೆ. ನಾನು ಕೊಂಡಿದ್ದ ಗಿಟಾರಿನಲ್ಲಿ ನಡುವೆ ಮರದ ತುಂಡೇ ಇರಲಿಲ್ಲ. ಮೈಯೆಲ್ಲ ಟೊಳ್ಳು. ಪೂರ್ತಿ ಹಾಲೋ.

ಈ ತೊಂದರೆ ನನ್ನದೊಬ್ಬನದ್ದೇನೂ ಅಲ್ಲ, ಎಲೆಕ್ಟ್ರಿಕ್ ಗಿಟಾರ್ ಹುಟ್ಟಿದಾಗಿನಿಂದಲೂ ಇದೆ. ಗಿಬ್ಸನ್ ಕಂಪನಿ 1936ರಲ್ಲಿ ಇಎಸ್-150 ಅಂತ ಒಂದು ಮಾದರಿ ಹೊರತಂದಿತು. ಇಎಸ್ ಅಂದರೆ ಎಲೆಕ್ಟ್ರಿಕ್ ಸ್ಪ್ಯಾನಿಷ್. ಟೊಳ್ಳು ಮೈಯ ಜಾಜ್ ಗಿಟಾರಿಗೆ ಒಂದು ಪಿಕಪ್ ಜೋಡಿಸಿದ್ದರು, ಜಾಜ್ ವಾದಕ ಚಾರ್ಲಿ ಕ್ರಿಶ್ಚಿಯನ್ ಅದನ್ನು ನುಡಿಸಿ ಗಿಟಾರಿಗೆ ಬ್ಯಾಂಡಿನ ಮುಂದಿನ ಸಾಲಿನಲ್ಲಿ ಜಾಗ ಮಾಡಿಕೊಟ್ಟರು. ಆದರೆ ಸದ್ದು ಜಾಸ್ತಿ ಮಾಡಿದಷ್ಟೂ ಆ ಪೆಟ್ಟಿಗೆ ಕೂಗುತ್ತಿತ್ತು. ಅದಕ್ಕೆ ಲೆಸ್ ಪಾಲ್ ಅನ್ನುವ ಗಿಟಾರ್ ವಾದಕರು ಕಂಡುಕೊಂಡ ದಾರಿ ನನಗೆ ತುಂಬಾ ಇಷ್ಟ. 1940ರ ಸುಮಾರಿಗೆ ಅವರು ನ್ಯೂಯಾರ್ಕಿನ ಎಪಿಫೋನ್ ಗಿಟಾರ್ ಕಾರ್ಖಾನೆಯಲ್ಲಿ, ಭಾನುವಾರ ಯಾರೂ ಇಲ್ಲದಾಗ ಹೋಗಿ, ನಾಲ್ಕು ಇಂಚು ಅಗಲ ನಾಲ್ಕು ಇಂಚು ದಪ್ಪದ ಪೈನ್ ಮರದ ತೊಲೆಗೆ ಪಿಕಪ್ ಮತ್ತು ನೆಕ್ ಜೋಡಿಸಿದರು. ತೊಲೆ ಅಂದರೆ ಬರೀ ತೊಲೆ. ಕೂಗುವ ತೊಂದರೆ ಹೋಯಿತು, ಸ್ವರ ಹೆಚ್ಚು ಹೊತ್ತು ನಿಂತಿತು. ಆದರೆ ಕೇಳುವವರಿಗೆ ಅದು ಗಿಟಾರಿನ ಹಾಗೆ ಕಾಣಲಿಲ್ಲ. ಆಮೇಲೆ ಒಂದು ಎಪಿಫೋನ್ ಗಿಟಾರಿನ ಮೈಯನ್ನು ಎರಡು ಹೋಳು ಮಾಡಿ ತೊಲೆಯ ಎರಡೂ ಪಕ್ಕಕ್ಕೆ ರೆಕ್ಕೆಗಳ ಹಾಗೆ ಅಂಟಿಸಿದ ಮೇಲೆ ಜನ ಮೆಚ್ಚಿಕೊಂಡರು ಅಂತ ಅವರೇ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಅದಕ್ಕೆ 'ದ ಲಾಗ್' ಅಂತಲೇ ಹೆಸರು.

ನಡುವೆ ಗಟ್ಟಿ ತೊಲೆ, ಪಕ್ಕದಲ್ಲಿ ಟೊಳ್ಳು ರೆಕ್ಕೆ. ಲೆಸ್ ಪಾಲ್ ಅವರಿಗೆ ಬೇಕಾಗಿದ್ದದ್ದು ತೊಲೆ, ರೆಕ್ಕೆ ಬರೀ ಚೆಂದಕ್ಕೆ. ಆದರೆ ಅದೇ ನಕ್ಷೆ 1958ರಲ್ಲಿ ಬೇರೆ ಉದ್ದೇಶಕ್ಕೆ ಬಂತು. ಮಿಷಿಗನ್ ರಾಜ್ಯದ ಕಲಮಜೂ ಊರಿನ ಗಿಬ್ಸನ್ ಕಾರ್ಖಾನೆಯಲ್ಲಿ, ಟೆಡ್ ಮೆಕಾರ್ಟಿ ಮುಖ್ಯಸ್ಥರಾಗಿದ್ದಾಗ, ಇಎಸ್-335 ತಯಾರಾಯಿತು. 16 ಇಂಚು ಅಗಲದ ತೆಳು ಮೈ, ಒಳಗೆ ಮೇಪಲ್ ಮರದ ಬ್ಲಾಕ್, ಉಬ್ಬಿದ ಮುಂಭಾಗಕ್ಕೂ ನೇರ ಬ್ಲಾಕಿಗೂ ನಡುವಿನ ಸಂದಿಗೆ ಬಾಗುವ ಹಾಗೆ ಗೀರು ಕೊಯ್ದ ಸ್ಪ್ರೂಸ್ ಪಟ್ಟಿ. ಆಮೇಲೆ ಬಂದ ಎಷ್ಟೋ ಸೆಮಿ-ಹಾಲೋಗಳು ಇದರ ಮಕ್ಕಳು ಮೊಮ್ಮಕ್ಕಳೇ. ಬ್ರಿಡ್ಜಿನ ಕೆಳಗೆ ಅಷ್ಟು ಭಾರದ ಗಟ್ಟಿ ಮರ ಇದ್ದರೆ ಆಂಪಿನ ಸದ್ದು ಅದನ್ನು ಸುಲಭವಾಗಿ ಅಲುಗಿಸಲಾರದು. ಕೊಡ ತುಂಬಿದ್ದರೆ ತಟ್ಟಿದಾಗ ಮೊಳಗುವುದಿಲ್ಲ ಅಲ್ವಾ, ಹಾಗೆ. 1969ರ ವುಡ್‌ಸ್ಟಾಕ್ ಸಂಗೀತೋತ್ಸವದಲ್ಲಿ ರಾಕ್ ಗಿಟಾರ್ ವಾದಕ ಆಲ್ವಿನ್ ಲೀ ಕೈಯಲ್ಲಿದ್ದದ್ದು ಕೆಂಪು 335. ಅಷ್ಟು ದೊಡ್ಡ ಬಯಲು, ಅಷ್ಟು ಜೋರು ಆಂಪ್. ನನ್ನ ಮೊದಲ ಗಿಟಾರನ್ನು ಅಲ್ಲಿ ಹಿಡಿದು ನಿಂತಿದ್ದರೆ ಏನಾಗುತ್ತಿತ್ತು ಅಂತ ಊಹಿಸಲೂ ಆಗುವುದಿಲ್ಲ.

ಹಾಗಂತ ಬ್ಲಾಕ್ ಇದ್ದರೆ ಕೂಗುವುದೇ ಇಲ್ಲ ಅಂತಲ್ಲ. ಪಕ್ಕದ ಕೋಣೆಗಳು ಟೊಳ್ಳೇ ತಾನೆ. ಬ್ಲೂಸ್ ವಾದಕ ಬಿ.ಬಿ. ಕಿಂಗ್ ಎಫ್-ತೂತುಗಳಿಗೆ ಬಟ್ಟೆ ತುರುಕುತ್ತಿದ್ದರು. 1980ರಲ್ಲಿ ಅವರು ತಮ್ಮ ಗಿಟಾರಿಗೆ ಇಟ್ಟಿದ್ದ 'ಲುಸಿಲ್' ಹೆಸರಿನಲ್ಲೇ ಗಿಬ್ಸನ್ ಒಂದು ಮಾದರಿ ಮಾಡಿದಾಗ ತೂತುಗಳನ್ನೇ ಬಿಟ್ಟುಬಿಟ್ಟಿತು. ಆದರೆ ಸೆಮಿ-ಹಾಲೋ ಕೂಗುವ ರೀತಿ ಬೇರೆ. ಆಂಪಿನ ಕಡೆ ಸ್ವಲ್ಪ ತಿರುಗಿ, ಸ್ವರ ಹಿಡಿದು ಕಾದರೆ ಅದು ಮೆಲ್ಲಗೆ ಅರಳುತ್ತದೆ. ಎರಡು ಹೆಜ್ಜೆ ಹಿಂದೆ ಸರಿದರೆ ಇಳಿಯುತ್ತದೆ. ನಾವು ಹೇಳಿದ ಮಾತು ಕೇಳುತ್ತದೆ. ನಾನು ಈ ಗಿಟಾರಿನಲ್ಲಿ ಅತಿ ಹೆಚ್ಚು ಪ್ರೀತಿಸುವುದು ಅದನ್ನೇ.

ಈಗ ಅಂಗಡಿಯ ವಿಷಯ. ಬ್ಲಾಕ್ ಇದೆಯಾ ಇಲ್ಲವಾ ಅಂತ ತಿಳಿಯಲು ಯಾರನ್ನೂ ಕೇಳಬೇಕಾಗಿಲ್ಲ. ಮೊಬೈಲ್ ಟಾರ್ಚ್ ಹಚ್ಚಿ ಒಂದು ಎಫ್-ತೂತಿನೊಳಗೆ ಬೆಳಕು ಬಿಡಿ. ನಡುವೆ ಮರದ ಗೋಡೆ ಕಂಡರೆ ಸೆಮಿ-ಹಾಲೋ. ಬೆಳಕು ಆ ಕಡೆಯ ತೂತಿನಿಂದ ಆಚೆ ಬಂದರೆ ಪೂರ್ತಿ ಹಾಲೋ. ಇಲ್ಲವಾದರೆ ಅಮ್ಮನ ಹಾಗೆ ಬೆನ್ನಿಗೆ ತಟ್ಟಿ ನೋಡಿ. ಹೆಸರು ನೋಡಿ ನಂಬಬೇಡಿ, ಯಾಕೆಂದರೆ 335 ಬಂದ ಮರುವರ್ಷವೇ, 1959ರಲ್ಲಿ, ಗಿಬ್ಸನ್ ಅದೇ ಆಕಾರದಲ್ಲಿ ಇಎಸ್-330 ತಂದಿತು, ಅದರಲ್ಲಿ ಬ್ಲಾಕ್ ಇಲ್ಲ. 1961ರಲ್ಲಿ ಬಂದ ಎಪಿಫೋನ್ ಕಸೀನೋ ಕೂಡ ಹಾಗೇ. ಹೊರಗಿನಿಂದ ಗುರುತು ಹಿಡಿಯಬೇಕಾದರೆ ನೆಕ್ ನೋಡಿ. 335ರಲ್ಲಿ ನೆಕ್ ಮೈಗೆ ಸೇರುವುದು 19ನೇ ಫ್ರೆಟ್ (ನೆಕ್ ಮೇಲಿನ ಲೋಹದ ಅಡ್ಡಗೆರೆ) ಹತ್ತಿರ, ಹಳೆಯ 330ರಲ್ಲಿ ಮತ್ತು ಕಸೀನೋದಲ್ಲಿ 16ನೇ ಫ್ರೆಟ್ ಹತ್ತಿರ. ಐಬನೆಜ್ ಕಂಪನಿಯ ಆರ್ಟ್‌ಕೋರ್ ಸರಣಿಯಲ್ಲಿ ಹೆಸರೇ ಹೇಳಿಬಿಡುತ್ತದೆ, ಎಎಸ್ ಅಂದರೆ ನಡುವೆ ಬ್ಲಾಕ್, ಎಎಫ್ ಅಂದರೆ ಪೂರ್ತಿ ಟೊಳ್ಳು. ಒಂದೇ ಅಕ್ಷರದ ವ್ಯತ್ಯಾಸ. ಆರ್ಡರ್ ಮಾಡುವಾಗ ಕಣ್ಣು ತಪ್ಪಿದರೆ ಮನೆಗೆ ಬರುವುದು ಬೇರೆಯೇ ವಾದ್ಯ.

ಇನ್ನೊಂದು ಮಾತು. "ಇದು ಬರೀ ಪ್ಲೈವುಡ್ ರೀ" ಅಂತ ಹೇಳುವವರು ಸಿಗುತ್ತಾರೆ. ಹೌದು, ಪ್ಲೈವುಡ್ಡೇ. 1958ರ 335 ಕೂಡ ಮೇಪಲ್ ಮತ್ತು ಪಾಪ್ಲರ್ ಪದರಗಳನ್ನು ಅಂಟಿಸಿ ಒತ್ತಿದ್ದೇ. ಅಕೌಸ್ಟಿಕ್ ಗಿಟಾರಿನಲ್ಲಿ ಒಂದೇ ಹಲಗೆಯ ಮುಂಭಾಗಕ್ಕೆ ಬೆಲೆ ಜಾಸ್ತಿ, ಅದು ಸರಿ, ಅಲ್ಲಿ ಆ ಹಲಗೆಯೇ ಸದ್ದು ಮಾಡಬೇಕು. ಇಲ್ಲಿ ಆ ಹಲಗೆ ಸ್ವಲ್ಪ ಸುಮ್ಮನಿರಬೇಕು. ಪದರದ ಮರ ಬಿರುಸು, ಬೇಗ ಮೊಳಗುವುದಿಲ್ಲ. ಜೊತೆಗೆ ಹವಾಮಾನಕ್ಕೂ ಅಷ್ಟಾಗಿ ಜಗ್ಗುವುದಿಲ್ಲ. ಬೆಂಗಳೂರಿನ ಮಾರ್ಚ್ ತಿಂಗಳ ಒಣ ಗಾಳಿ, ಮಂಗಳೂರಿನ ಜುಲೈ ತಿಂಗಳ ತೇವ, ಎರಡನ್ನೂ ಮೈ ತಾಳಿಕೊಳ್ಳುತ್ತದೆ. ನೆಕ್ ಮಾತ್ರ ಬಾಗುತ್ತದೆ. ವರ್ಷಕ್ಕೆ ಎರಡು ಸಲ ಅದರೊಳಗಿನ ಲೋಹದ ಸರಳನ್ನು, ಅಂದರೆ ಟ್ರಸ್ ರಾಡ್ ಅನ್ನು, ಸ್ವಲ್ಪ ತಿರುಗಿಸಬೇಕಾಗುತ್ತದೆ, ಅಷ್ಟು ಮಾಡಿದರೆ ಆಯಿತು.

ಸದ್ದಿನ ಬಗ್ಗೆ ಬರೆಯುವುದು ಕಷ್ಟ. ಸೆಮಿ-ಹಾಲೋ ಬಗ್ಗೆ ಎಲ್ಲರೂ ಹೇಳುವ ಮಾತು, ಅದರ ಸದ್ದಿನಲ್ಲಿ ಗಾಳಿ ಇರುತ್ತದೆ ಅಂತ. ನಾನೂ ಹಾಗೇ ಹೇಳಿಕೊಂಡು ತಿರುಗುತ್ತಿದ್ದೆ. ಆದರೆ ಯೋಚಿಸಿ ನೋಡಿ, ಪಿಕಪ್ ಅಂದರೆ ಅಯಸ್ಕಾಂತ ಮತ್ತು ಸುತ್ತಿದ ತಾಮ್ರದ ತಂತಿ. ಅದಕ್ಕೆ ಗೊತ್ತಾಗುವುದು ಉಕ್ಕಿನ ತಂತಿ ಹೇಗೆ ಅಲುಗುತ್ತಿದೆ ಅನ್ನುವುದೊಂದೇ. ಪೆಟ್ಟಿಗೆಯ ಒಳಗಿನ ಗಾಳಿ ಅದಕ್ಕೆ ಕೇಳಿಸುವುದಿಲ್ಲ. ಹಾಗಾದರೆ ಮೈ ಮಾಡುವ ಕೆಲಸ ಏನು? ಅದು ತಂತಿಯಿಂದ ಶಕ್ತಿ ಕಸಿದುಕೊಳ್ಳುತ್ತದೆ. ಮೀಟಿದ ಕೂಡಲೇ ತಂತಿಯ ಅಲುಗಾಟದಲ್ಲಿ ಒಂದು ಪಾಲು ಬ್ರಿಡ್ಜ್ ಮೂಲಕ ಮರಕ್ಕೆ ಹೋಗುತ್ತದೆ. ಪೂರ್ತಿ ಟೊಳ್ಳಿನಲ್ಲಿ ಬೇಗ ಹೋಗುತ್ತದೆ, ಆದ್ದರಿಂದ ಸ್ವರ ಎದ್ದು ಬೇಗ ಕರಗುತ್ತದೆ. ಮೈಯೆಲ್ಲ ಗಟ್ಟಿ ಮರವಾಗಿರುವ ಸಾಲಿಡ್ ಗಿಟಾರಿನಲ್ಲಿ ನಿಧಾನವಾಗಿ ಹೋಗುತ್ತದೆ, ಸ್ವರ ನಿಲ್ಲುತ್ತದೆ. ಸೆಮಿ-ಹಾಲೋ ನಡುವೆ ಎಲ್ಲೋ ಇದೆ, ಆದರೆ ಬ್ಲಾಕ್ ಇರುವುದರಿಂದ ಸಾಲಿಡ್ ಕಡೆಗೇ ಹತ್ತಿರ. ಕಣ್ಣು ಮುಚ್ಚಿ ಕೇಳಿದರೆ ಒಂದು ಒಳ್ಳೆಯ 335ಕ್ಕೂ ಅದೇ ಪಿಕಪ್ ಇರುವ ಸಾಲಿಡ್ ಗಿಟಾರಿಗೂ ಇರುವ ಅಂತರ ನಾವು ಅಂದುಕೊಂಡಷ್ಟು ದೊಡ್ಡದಲ್ಲ ಅಂತ ನನ್ನ ಅನುಭವ. ಕೇಳುವವರಿಗಿಂತ ನುಡಿಸುವವರಿಗೆ ಅದು ಜಾಸ್ತಿ ಗೊತ್ತಾಗುತ್ತದೆ. ಮೈ ಪಕ್ಕೆಲುಬಿಗೆ ತಾಗಿ ನಡುಗುತ್ತದೆ. ಕೈ ತಾನಾಗಿಯೇ ಹಗುರವಾಗುತ್ತದೆ. ಕೈ ಬದಲಾದ ಮೇಲೆ ಸದ್ದು ಬದಲಾಗದೆ ಇರುತ್ತದಾ?

ಪಿಕಪ್ ವಿಷಯಕ್ಕೆ ಬಂದರೆ, ಸೇತ್ ಲವರ್ ಅನ್ನುವ ಇಂಜಿನಿಯರ್ ಗಿಬ್ಸನ್‌ಗಾಗಿ ಮಾಡಿದ ಹಂಬಕರ್ ಪಿಕಪ್ ಇರದಿದ್ದರೆ 335 ಹೀಗಿರುತ್ತಿರಲಿಲ್ಲ. ಎರಡು ಸುರುಳಿಗಳನ್ನು ಒಂದಕ್ಕೊಂದು ತಿರುವುಮುರುವಾಗಿ ಜೋಡಿಸಿ, ಹೊರಗಿನಿಂದ ಬರುವ ಕರೆಂಟಿನ ಗುಂಯ್ ಸದ್ದು ಒಂದರಲ್ಲಿ ಕೂಡಿ ಇನ್ನೊಂದರಲ್ಲಿ ಕಳೆದುಹೋಗುವಂತೆ ಮಾಡಿದರು. ಬಾಡಿಗೆ ಮನೆಗಳಲ್ಲಿ ಆಂಪ್ ಹಾಕುವವರಿಗೆ ಇದು ದೊಡ್ಡ ಉಪಕಾರ. ಆದರೆ ಒಂದು ಎಚ್ಚರಿಕೆ, ಮನೆಯ ಅರ್ಥಿಂಗ್ ಸರಿ ಇಲ್ಲದೆ ಬರುವ ಸದ್ದನ್ನು ಯಾವ ಹಂಬಕರ್ ಕೂಡ ನಿಲ್ಲಿಸುವುದಿಲ್ಲ. ತಂತಿ ಮುಟ್ಟಿದಾಗ ಜುಂ ಅಂದರೆ ಗಿಟಾರ್ ಬದಿಗಿಟ್ಟು ಮೊದಲು ಎಲೆಕ್ಟ್ರಿಷಿಯನ್ನರನ್ನು ಕರೆಸಿ.

ನಾನು ಕೊನೆಗೆ ಕೊಂಡದ್ದು ಸೆಕೆಂಡ್ ಹ್ಯಾಂಡ್ ಎಎಸ್. ಗಿಬ್ಸನ್ನಿಗೆ ಲಕ್ಷಗಟ್ಟಲೆ ಬೇಕು, ನನ್ನ ಹತ್ತಿರ ಇರಲಿಲ್ಲ, ಅದರ ಬಗ್ಗೆ ಕೊರಗೂ ಇಲ್ಲ. ಜಾಜ್ ವಾದಕ ಜಾನ್ ಸ್ಕೋಫೀಲ್ಡ್ ತಮ್ಮ 1981ರ ಐಬನೆಜ್ ಎಎಸ್-200 ಹಿಡಿದು ದಶಕಗಳ ಕಾಲ ನುಡಿಸಿದ್ದಾರೆ, ಅವರ ಒಂದೊಂದು ಸ್ವರವೂ ಮಾತಾಡಿದ ಹಾಗಿರುತ್ತದೆ. ಸೆಕೆಂಡ್ ಹ್ಯಾಂಡ್ ನೋಡಲು ಹೋದಾಗ ನಾನು ಮೊದಲ ಹತ್ತು ನಿಮಿಷ ಪ್ಲಗ್ ಮಾಡಲೇ ಇಲ್ಲ. ಸುಮ್ನೆ ಕೂತು ಒಂದೊಂದು ಫ್ರೆಟ್ಟನ್ನೂ ಒತ್ತಿ ನೋಡಿದೆ. ಎಲ್ಲಾದರೂ ಒಳಗೆ ಏನಾದರೂ ಸಡಿಲವಾಗಿ ಜರ್ರ್ ಅನ್ನುತ್ತಿದೆಯಾ ಅಂತ ಕಿವಿಗೊಟ್ಟೆ. ಹೆಗಲಿಗೆ ಪಟ್ಟಿ ಹಾಕಿ ನಿಂತು ಕೈ ಬಿಟ್ಟೆ, ನೆಕ್ ಕೆಳಗೆ ಜಾರುತ್ತದೆಯಾ ಅಂತ. ಆಮೇಲೆ ಆಂಪ್ ಹಾಕಿ, ಆ ಮನೆಯವರ ಅನುಮತಿ ಕೇಳಿ, ಎರಡೇ ನಿಮಿಷ ಜೋರು ಮಾಡಿ, ಆ ಹಳೆಯ ಆರನೇ ತಂತಿಯ ಸ್ವರ ಹಿಡಿದೆ. ಅದು ಬಂತು, ನಿಂತಿತು, ನಾನು ಬಿಟ್ಟಾಗ ಹೋಯಿತು. ಅವತ್ತೇ ದುಡ್ಡು ಕೊಟ್ಟೆ.

ಕೊಂಡ ಆರು ತಿಂಗಳಿಗೆ ಕೇಬಲ್ ಸಿಕ್ಕಿಸುವ ಜ್ಯಾಕ್ ಸಡಿಲವಾಗಿ, ತಿರುಗಿ ತಿರುಗಿ ಒಳಗಿನ ವೈರ್ ತುಂಡಾಯಿತು. ಇಂಥ ಗಿಟಾರ್‌ಗಳಲ್ಲಿ ಹೆಚ್ಚಿನವಕ್ಕೆ ಬೆನ್ನಿನಲ್ಲಿ ಮುಚ್ಚಳ ಇರುವುದಿಲ್ಲ. ಏನು ಮಾಡಬೇಕಾದರೂ ಆ ಎಫ್-ತೂತೇ ದಾರಿ. ರಿಪೇರಿ ಮಾಡುವವರ ಪಕ್ಕ ಕೂತು ನೋಡಿದೆ. ಪ್ರತಿ ಗುಂಡಿಯ ದಂಡಕ್ಕೂ ಒಂದೊಂದು ದಾರ ಕಟ್ಟಿ, ನಟ್ ಬಿಚ್ಚಿ, ಒಳಗೆ ಬಿಟ್ಟು, ಇಡೀ ವೈರಿಂಗನ್ನು ತೂತಿನಿಂದ ಹೊರಗೆ ಎಳೆದರು. ಬೆಸುಗೆ ಹಾಕಿದರು. ಆಮೇಲೆ ಅದೇ ದಾರಗಳನ್ನು ಹಿಡಿದು ಒಂದೊಂದನ್ನೇ ಅದರದರ ರಂಧ್ರಕ್ಕೆ ಮೀನು ಎಳೆದ ಹಾಗೆ ಎಳೆದು ಕೂರಿಸಿದರು. ಬೆಸುಗೆಗೆ ಐದು ನಿಮಿಷ, ಎಳೆಯುವುದಕ್ಕೆ ಒಂದೂವರೆ ಗಂಟೆ. ಅದಕ್ಕೇ ಹೇಳುತ್ತೇನೆ, ತಿಂಗಳಿಗೊಮ್ಮೆ ಜ್ಯಾಕಿನ ನಟ್ ಸಡಿಲವಾಗಿದೆಯಾ ನೋಡಿ, ಸ್ಪ್ಯಾನರ್‌ನಿಂದ ಮೆಲ್ಲಗೆ ಬಿಗಿ ಮಾಡಿ.

ಮೊದಲ ಗಿಟಾರ್ ಏನಾಯಿತು ಅಂದರೆ, ಅದನ್ನು ಒಬ್ಬ ಗೆಳೆಯನಿಗೆ ಕೊಟ್ಟೆ. ಅವನು ಒಬ್ಬ ಹಾಡುಗಾರ್ತಿಯ ಜೊತೆ ನುಡಿಸುತ್ತಾನೆ. ಡ್ರಮ್ಸ್ ಇಲ್ಲ, ಚಿಕ್ಕ ಆಂಪ್, ಮೂವತ್ತು ಜನ ಕೂರುವ ಜಾಗ. ಅಲ್ಲಿ ಹೋಗಿ ಕೇಳಿದಾಗ ನನಗೆ ನಂಬಲು ಆಗಲಿಲ್ಲ. ಪ್ರತಿ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಎದ್ದು ನಿಂತು ಮೆತ್ತಗೆ ಕೂತುಕೊಳ್ಳುತ್ತಿತ್ತು, ಹಾಡಿನ ಮಾತಿಗೆ ಎಲ್ಲೂ ಅಡ್ಡ ಬರುತ್ತಿರಲಿಲ್ಲ. 1969ರ ಜನವರಿಯಲ್ಲಿ ಲಂಡನ್ನಿನ ಒಂದು ಕಟ್ಟಡದ ಮಾಳಿಗೆಯ ಮೇಲೆ ಬೀಟಲ್ಸ್ ತಂಡದ ಜಾನ್ ಲೆನನ್ ನುಡಿಸಿದ್ದೂ ಪೂರ್ತಿ ಟೊಳ್ಳಿನ ಕಸೀನೋವನ್ನೇ. ಆ ವಾದ್ಯದಲ್ಲಿ ತಪ್ಪೇನೂ ಇರಲಿಲ್ಲ.

ಹೋದ ತಿಂಗಳು ಅವನು ಅದನ್ನು ಹಿಡಿದುಕೊಂಡು ಮನೆಗೆ ಬಂದಿದ್ದ. ಎರಡನ್ನೂ ಪಕ್ಕಪಕ್ಕ ಇಟ್ಟು, ಆಂಪ್ ಇಲ್ಲದೆ, ನಡುಮನೆಯಲ್ಲಿ ಒಂದೇ ರಾಗವನ್ನು ಒಂದಾದ ಮೇಲೆ ಒಂದರಲ್ಲಿ ನುಡಿಸಿದೆವು. ಅಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದು ನಿಂತು ಕೇಳಿದರು. ಅವನ ಗಿಟಾರನ್ನು ತಟ್ಟಿದರು, ಅಂಚಿನಲ್ಲಿ ಒಮ್ಮೆ, ನಡುವೆ ಒಮ್ಮೆ. ಎರಡೂ ಕಡೆ ಡುಬ್. "ಇದು ಚೆನ್ನಾಗಿದೆ ಕಣೋ, ಇನ್ನೊಂದ್ಸಲ ನುಡಿಸಪ್ಪ" ಅಂತ ಅವನಿಗೆ ಹೇಳಿ, ಅಲ್ಲೇ ಕುರ್ಚಿ ಎಳೆದುಕೊಂಡು ಕೂತರು.